ಬಾಯ್ಲರ್ ಸರ್ವೀಸ್ ಆಗಿದೆ, ಮತ್ತೆ ಗ್ಯಾಸ್ ಚೆಕ್ ಯಾಕೆ?

ಪ್ರಶ್ನೆ: ನಾವು 11 ವರ್ಷ ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದು ಈಗ ಮೈಸೂರಿಗೆ ವಾಪಸ್ ಬಂದಿದ್ದೇವೆ. ಅಲ್ಲಿನ ಎರಡು ಬೆಡ್‌ರೂಮಿನ ಮನೆಯನ್ನು ದಾವಣಗೆರೆ ಕಡೆಯ ಒಂದು ಕುಟುಂಬಕ್ಕೆ ಬಾಡಿಗೆಗೆ ಕೊಟ್ಟಿದ್ದೇವೆ. ಅವರಿಗೆ ಕೈಗೂಸು ಇದೆ. ಮಾರ್ಚ್ 18ರೊಳಗೆ ಗ್ಯಾಸ್ ಸೇಫ್ಟಿ ಚೆಕ್ ಮತ್ತೆ ಆಗಬೇಕು ಎಂದು ಏಜೆಂಟ್ ಮೇಲ್ ಕಳಿಸಿದ್ದಾರೆ. ಆದರೆ ಹೋದ ಅಕ್ಟೋಬರ್‌ನಲ್ಲಷ್ಟೇ ಬಾಯ್ಲರ್ (ಮನೆಯನ್ನೂ ನೀರನ್ನೂ ಬಿಸಿಮಾಡುವ ಗ್ಯಾಸ್ ಯಂತ್ರ) ಸರ್ವೀಸ್ ಆಗಿದೆ. ಮತ್ತೆ ಯಾಕೆ ದುಡ್ಡು ಕೊಡಬೇಕು? ಬಾಡಿಗೆದಾರರು ‘ಮಗು ಮಲಗಿರುತ್ತೆ, ಆಮೇಲೆ ನೋಡೋಣ’ ಎಂದು ಎರಡು ಸಲ ಮುಂದಕ್ಕೆ ಹಾಕಿದ್ದಾರೆ. ನಮ್ಮವರೇ ಅಲ್ವಾ, ಜಾಸ್ತಿ ಒತ್ತಾಯ ಮಾಡಲು ಮನಸ್ಸು ಬರುತ್ತಿಲ್ಲ. ಅವರು ಸ್ವಂತ ಗ್ಯಾಸ್ ಕುಕ್ಕರ್ (ಓವನ್ ಇರುವ ಗ್ಯಾಸ್ ಒಲೆ) ಬೇರೆ ತಂದಿಟ್ಟುಕೊಂಡಿದ್ದಾರೆ, ಅದೂ ನಮ್ಮ ತಲೆಗೇ ಬರುತ್ತಾ? ಏಜೆಂಟ್ ಇರುವಾಗ ಇದೆಲ್ಲ ನಮ್ಮ ಜವಾಬ್ದಾರಿಯಾ? ಕೊನೆಯದಾಗಿ, ಮೈಸೂರಿನ ಮನೆಯ ಮಹಡಿಯನ್ನು ಬಾಡಿಗೆಗೆ ಕೊಡಬೇಕೆಂದಿದ್ದೇವೆ, ಗ್ಯಾಸ್ ಗೀಸರ್ ಹಾಕಿಸುತ್ತಿದ್ದೇವೆ. ಅದಕ್ಕೇನಾದರೂ ಹೇಳುವುದಿದ್ದರೆ ಹೇಳಿ.

ಉತ್ತರ: ಮಾಡಿಸಲೇಬೇಕು ಮೇಡಂ. ಮೊದಲು ಅದನ್ನು ಹೇಳಿಬಿಡುತ್ತೇನೆ, ಉಳಿದದ್ದನ್ನು ನಿಧಾನವಾಗಿ ಮಾತಾಡೋಣ.

ಅಕ್ಟೋಬರ್‌ನಲ್ಲಿ ಆದದ್ದು ಸರ್ವೀಸ್. ಈಗ ಏಜೆಂಟ್ ಕೇಳುತ್ತಿರುವುದು ಚೆಕ್. ಸರ್ವೀಸ್ ಅಂದರೆ ಬಾಯ್ಲರ್ ಬಿಚ್ಚಿ, ಬರ್ನರ್ ಒರೆಸಿ, ನೀರು ಇಳಿಯುವ ಟ್ರ್ಯಾಪ್ ತೊಳೆದು, ಸೀಲ್ ಹಳತಾಗಿದ್ದರೆ ಬದಲಿಸಿ, ತಯಾರಿಸಿದ ಕಂಪನಿ ಹೇಳಿದ ಹಾಗೆ ಅದನ್ನು ಸರಿಯಾಗಿಟ್ಟುಕೊಳ್ಳುವ ಕೆಲಸ. ಚೆಕ್ ಅಂದರೆ ನೀವು ಆ ಮನೆಯಲ್ಲಿ ಕೊಟ್ಟಿರುವ ಒಂದೊಂದು ಗ್ಯಾಸ್ ಉಪಕರಣವೂ, ಅದರ ಹೊಗೆ ಹೊರಗೆ ಹೋಗುವ ಕೊಳವೆಯೂ (ಇಲ್ಲಿ ಇಂಗ್ಲೆಂಡಿನಲ್ಲಿ ಗ್ಯಾಸ್ ಕೆಲಸ ಮಾಡುವ ನಾವು ಇದಕ್ಕೆ ಫ್ಲೂ ಅನ್ನುತ್ತೇವೆ) ಇವತ್ತಿನ ದಿನ ಅಪಾಯವಿಲ್ಲದೆ ಕೆಲಸ ಮಾಡುತ್ತಿದೆಯೇ ಎಂದು ಅಳೆದು ನೋಡಿ, ಸಹಿ ಹಾಕಿ ಬರೆದುಕೊಡುವುದು. ಸರ್ವೀಸ್‌ಗೆ ಬಂದವರು ಬಾಯ್ಲರ್ ಬಿಟ್ಟು ಬೇರೆ ಏನನ್ನೂ ಮುಟ್ಟದೆ ಹೋಗಿರಬಹುದು. ಹಾಲ್‌ನಲ್ಲಿ ನಿಮ್ಮದೊಂದು ಹಳೆಯ ಗ್ಯಾಸ್ ಫೈರ್ (ಕೋಣೆ ಬಿಸಿಮಾಡುವ ಗ್ಯಾಸ್ ಹೀಟರ್) ಇದ್ದರೆ ಅದರ ಕಡೆ ತಿರುಗಿಯೂ ನೋಡಿರುವುದಿಲ್ಲ. ಚೆಕ್‌ಗೆ ಬಂದವರು ನೋಡಲೇಬೇಕು.

ಬ್ರಿಟನ್ನಿನ 1998ರ ಗ್ಯಾಸ್ ಸೇಫ್ಟಿ ನಿಯಮಗಳಲ್ಲಿ 36ನೇ ನಿಯಮ ಮನೆ ಓನರ್‌ಗಳಿಗೆಂದೇ ಇದೆ. ಅದರಲ್ಲಿ ಎರಡನ್ನೂ ಬೇರೆ ಬೇರೆಯಾಗಿಯೇ ಹೇಳಿದ್ದಾರೆ. ಕೊಳವೆ, ಉಪಕರಣ, ಫ್ಲೂ ಎಲ್ಲವನ್ನೂ ಸುಸ್ಥಿತಿಯಲ್ಲಿಡುವುದು ಒಂದು ಜವಾಬ್ದಾರಿ. ಉಪಕರಣ ಮತ್ತು ಫ್ಲೂಗಳನ್ನು 12 ತಿಂಗಳಿಗೊಮ್ಮೆ ಚೆಕ್ ಮಾಡಿಸುವುದು ಇನ್ನೊಂದು. ಚೆಕ್ ಆದ 28 ದಿನದೊಳಗೆ ಅದರ ಹಾಳೆ ಬಾಡಿಗೆದಾರರ ಕೈ ಸೇರಬೇಕು. ಹೊಸಬರು ಬರುವುದಾದರೆ ಅವರು ಸಾಮಾನು ಇಳಿಸುವ ಮೊದಲೇ ಕೊಟ್ಟಿರಬೇಕು. ನೀವು ಮೈಸೂರಿನಲ್ಲಿದ್ದೀರಿ ಎನ್ನುವುದರಿಂದ ಇದು ಯಾವುದೂ ಬದಲಾಗುವುದಿಲ್ಲ. ತಪ್ಪಿದರೆ ದಂಡಕ್ಕೆ ಮೇಲ್ಮಿತಿ ಇಲ್ಲ, ಜೈಲು ಶಿಕ್ಷೆಗೂ ಅವಕಾಶವಿದೆ.

ನಿಮ್ಮ ವಿಷಯದಲ್ಲಿ ಒಂದು ಅನುಕೂಲ ಇದೆ, ಅದು ಎಷ್ಟೋ ಓನರ್‌ಗಳಿಗೆ ಗೊತ್ತಿಲ್ಲ. 2018ರ ಏಪ್ರಿಲ್‌ನಿಂದ, ಗಡುವಿಗೆ ಎರಡು ತಿಂಗಳು ಇರುವಾಗಲೇ ಚೆಕ್ ಮಾಡಿಸಿದರೂ ಮುಂದಿನ ಗಡುವು ಹಳೆಯ ತಾರೀಖಿಗೇ ನಿಲ್ಲುತ್ತದೆ. ಅಂದರೆ ಜನವರಿ 18ರಿಂದ ಮಾರ್ಚ್ 18ರ ನಡುವೆ ಯಾವತ್ತು ಮಾಡಿಸಿದರೂ ಮುಂದಿನ ವರ್ಷ ಮತ್ತೆ ಮಾರ್ಚ್ 18. ಒಂದು ದಿನವೂ ನಷ್ಟವಿಲ್ಲ. ಇದಕ್ಕೆ ಹಿಂದಿನ ಹಾಳೆಗಳು ನಿಮ್ಮ ಹತ್ತಿರ ಇರಬೇಕು, ಇಲ್ಲದಿದ್ದರೆ ತಾರೀಖು ತೋರಿಸುವುದು ಹೇಗೆ? ಅದಕ್ಕೇ ಹಳೆಯ ಹಾಳೆಯನ್ನು ಅದಾದ ಮೇಲೆ ಇನ್ನೂ ಎರಡು ಚೆಕ್ ಆಗುವವರೆಗೆ ಎಸೆಯಬೇಡಿ. ಮುಂದಿನ ವರ್ಷದಿಂದ ಸರ್ವೀಸನ್ನೂ ಫೆಬ್ರವರಿಗೆ ತಂದು ಒಬ್ಬರೇ ಒಂದೇ ಸಲ ಬಂದು ಎರಡನ್ನೂ ಮುಗಿಸುವ ಹಾಗೆ ಮಾಡಿಕೊಳ್ಳಿ. ಬಾಡಿಗೆದಾರರಿಗೂ ಒಂದೇ ದಿನದ ತೊಂದರೆ, ನಿಮಗೂ ಕಡಿಮೆ ಖರ್ಚು. ಬರೀ ಚೆಕ್‌ಗೆ ಸಾಮಾನ್ಯವಾಗಿ 60ರಿಂದ 100 ಪೌಂಡ್ ಒಳಗೆ ಆಗುತ್ತದೆ. ಉಪಕರಣ ಹೆಚ್ಚಿದ್ದರೆ ಸ್ವಲ್ಪ ಜಾಸ್ತಿ. ಇದಕ್ಕೆ ಸರ್ಕಾರಿ ದರ ಅಂತ ಇಲ್ಲ. ಬಾಡಿಗೆ ಆದಾಯದ ಲೆಕ್ಕದಲ್ಲಿ ಇದನ್ನು ಖರ್ಚು ಎಂದು ತೋರಿಸಬಹುದು.

ಇನ್ನು ನಾನು ನಿಜವಾಗಿ ಹೇಳಬೇಕು ಅಂದುಕೊಂಡಿರುವ ವಿಷಯಕ್ಕೆ ಬರುತ್ತೇನೆ. ನಿಮ್ಮ ಪ್ರಶ್ನೆಯಲ್ಲಿ ‘ಮತ್ತೆ ಯಾಕೆ ದುಡ್ಡು’ ಅಂತ ಇದೆ. ಓನರ್‌ಗಳಲ್ಲಿ ಮುಕ್ಕಾಲು ಪಾಲು ಜನ ಇದನ್ನು ಒಂದು ಕಾಗದ ಅಂದುಕೊಂಡಿದ್ದಾರೆ. ಏಜೆಂಟ್ ಕೇಳುತ್ತಾರೆ, ಯಾರೋ ಬಂದು ಹೋಗುತ್ತಾರೆ, ಪಿಡಿಎಫ್ ಬರುತ್ತದೆ, ಅದು ಫೋಲ್ಡರ್‌ಗೆ ಹೋಗುತ್ತದೆ. ಅದನ್ನು ತೆಗೆದು ಓದುವವರು ಕಡಿಮೆ. ಯಾರೂ ಓದುವುದಿಲ್ಲ ಅಂತ ಗೊತ್ತಿರುವುದರಿಂದಲೇ ಕೆಲವರು 10 ನಿಮಿಷದಲ್ಲಿ ಚೆಕ್ ಮುಗಿಸಿ ಹೋಗುತ್ತಾರೆ. ನಾನು ಈ ಕೆಲಸದಲ್ಲಿ 17 ವರ್ಷದಿಂದ ಇದ್ದೇನೆ, ಅಂಥ ಹಾಳೆಗಳನ್ನು ಕೈಯಲ್ಲಿ ಹಿಡಿದುಕೊಂಡು ಬೇಜಾರಾಗಿದ್ದೇನೆ. ಅದಕ್ಕೇ ಒಳಗೆ ಏನು ನಡೆಯಬೇಕು ಅಂತ ನಿಮಗೆ ವಿವರವಾಗಿ ಹೇಳುತ್ತೇನೆ. ಮೈಸೂರಿನಲ್ಲಿ ಕೂತು ಹಾಳೆ ನೋಡಿದರೂ ನಿಮಗೆ ಅಂದಾಜು ಸಿಗಬೇಕು.

ನಾವು ಮೊದಲು ಹೋಗುವುದು ಮೀಟರ್ ಹತ್ತಿರ. ಅಲ್ಲಿ ಒಂದು ಚಿಕ್ಕ ಸ್ಕ್ರೂ ಸಡಿಲಿಸಿ ಒತ್ತಡ ಅಳೆಯುವ ಗೇಜಿನ ರಬ್ಬರ್ ಟ್ಯೂಬ್ ಸಿಕ್ಕಿಸುತ್ತೇವೆ. ಒತ್ತಡವನ್ನು ಮೊದಲು 10 ಮಿಲಿಬಾರ್‌ಗೆ ತಂದು ಮುಖ್ಯ ವಾಲ್ವ್ ಮುಚ್ಚಿ ಒಂದು ನಿಮಿಷ ಕಾಯುತ್ತೇವೆ. ಮುಳ್ಳು ಮೇಲೇರಿದರೆ ಆ ವಾಲ್ವೇ ಸರಿಯಾಗಿ ಮುಚ್ಚುತ್ತಿಲ್ಲ ಅಂತ ಅರ್ಥ. ಆಮೇಲೆ 20ಕ್ಕೆ ಏರಿಸಿ, ಸ್ಥಿರವಾಗಲು ಒಂದು ನಿಮಿಷ ಬಿಟ್ಟು, ಎರಡು ನಿಮಿಷ ಸುಮ್ನೆ ಗೇಜ್ ನೋಡುತ್ತಾ ನಿಲ್ಲುತ್ತೇವೆ. ಒತ್ತಡ ಇಳಿಯುತ್ತಿದೆ ಅಂದರೆ ಎಲ್ಲೋ ಸೋರುತ್ತಿದೆ. ಉಪಕರಣಗಳು ಜೋಡಿಸಿಯೇ ಇರುವ ಹಳೆಯ ಸಂಪರ್ಕದಲ್ಲಿ ಚೂರು ಇಳಿತಕ್ಕೆ ಒಂದು ಮಿತಿ ಇದೆ, ಆದರೆ ಮನೆಯಲ್ಲಿ ಗ್ಯಾಸ್ ವಾಸನೆ ಇದ್ದರೆ ಆ ಮಿತಿಯನ್ನೂ ಒಪ್ಪುವ ಹಾಗಿಲ್ಲ. ವಾರ್ಷಿಕ ಚೆಕ್‌ನಲ್ಲಿ ಉಪಕರಣ ಮತ್ತು ಫ್ಲೂ ಕಡ್ಡಾಯ, ಕೊಳವೆಯ ಈ ಪರೀಕ್ಷೆಯನ್ನೂ ಜೊತೆಗೆ ಮಾಡಿಸಿ ಎಂದು ಇಲ್ಲಿನ ಸುರಕ್ಷತಾ ಇಲಾಖೆ ಎಚ್‌ಎಸ್‌ಇ ಸಲಹೆ ಕೊಡುತ್ತದೆ. ನೀವು ಬುಕ್ ಮಾಡುವಾಗಲೇ ‘ಟೈಟ್‌ನೆಸ್ ಟೆಸ್ಟ್ ಸೇರಿಸಿ’ ಅಂತ ಹೇಳಿ.

ಆಮೇಲೆ ಬಾಯ್ಲರ್. ಅದನ್ನು ಉರಿಸಿ ಮೀಟರ್ ಹತ್ತಿರದ ಒತ್ತಡ 19ರಿಂದ 23 ಮಿಲಿಬಾರ್ ನಡುವೆ ನಿಂತಿದೆಯೇ ನೋಡುತ್ತೇವೆ. ಎಷ್ಟು ಗ್ಯಾಸ್ ಉರಿಯುತ್ತಿದೆ ಅಂತ ಲೆಕ್ಕ ಹಾಕುತ್ತೇವೆ. ಈಗಿನ ಬಾಯ್ಲರ್‌ಗಳಲ್ಲಿ ಫ್ಲೂ ಬಾಯಿಯ ಹತ್ತಿರ ಒಂದು ಚಿಕ್ಕ ಮುಚ್ಚಳ ಇರುತ್ತದೆ, ಅದರಲ್ಲಿ ಅನಲೈಸರ್‌ನ ಕಡ್ಡಿ ತೂರಿಸಿದರೆ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಎಷ್ಟು, ಎಷ್ಟು ಕಾರ್ಬನ್ ಡೈಆಕ್ಸೈಡ್ ಅಂತ ತೋರಿಸುತ್ತದೆ. ಆ ಎರಡರ ಅನುಪಾತ ಸಾಮಾನ್ಯ ಕಂಡೆನ್ಸಿಂಗ್ ಬಾಯ್ಲರ್‌ನಲ್ಲಿ 0.004 ದಾಟಬಾರದು. ಇದು ಒಂದು ನಿಮಿಷದ ಕೆಲಸವಲ್ಲ, ಬಾಯ್ಲರ್ ಚೆನ್ನಾಗಿ ಬಿಸಿಯಾಗಿ ಅಂಕಿ ನಿಲ್ಲುವವರೆಗೆ ಕಾಯಬೇಕು. ಆಮೇಲೆ ಹೊರಗೆ ಹೋಗಿ ಫ್ಲೂನ ಬಾಯಿ ನೋಡಬೇಕು. ಅದಕ್ಕೆ ಅಡ್ಡವಾಗಿ ಶೆಡ್ ಬಂದಿದೆಯಾ, ಗಿಡ ಬೆಳೆದಿದೆಯಾ, ಪಕ್ಕದ ಕಿಟಕಿಗೆ ಹೊಗೆ ಹೋಗುತ್ತಿದೆಯಾ ಎಂದು.

ನಿಮ್ಮದೇ ಒಲೆ ಇದ್ದರೆ ಒಂದೊಂದು ಬರ್ನರನ್ನೂ ಹಚ್ಚಿ ಆರಿಸುತ್ತೇವೆ. ಜ್ವಾಲೆ ತಾನಾಗಿ ನಂದಿದರೆ ಗ್ಯಾಸ್ ನಿಲ್ಲಿಸುವ ಸಾಧನ ಇರುವ ಒಲೆಯಲ್ಲಿ, ಆರಿದ ಮೇಲೆ ಅದು ‘ಟಕ್’ ಅಂತ ಮುಚ್ಚುವ ಶಬ್ದಕ್ಕೆ ಕಿವಿಗೊಟ್ಟು ಸೆಕೆಂಡ್ ಎಣಿಸುತ್ತೇವೆ. ನಿಗದಿತ ಸಮಯದೊಳಗೆ ಮುಚ್ಚಬೇಕು.

ಇಷ್ಟಕ್ಕೆಲ್ಲ ಎಷ್ಟು ಹೊತ್ತು? ಬಾಯ್ಲರ್, ಒಲೆ ಎರಡೇ ಇರುವ ಮನೆಗೆ ಮುಕ್ಕಾಲು ಗಂಟೆಯಾದರೂ ಬೇಕು. ಹಾಳೆಯಲ್ಲಿ ಪ್ರತಿ ಉಪಕರಣಕ್ಕೂ ಒಂದು ಸಾಲು ಇರುತ್ತದೆ. ಮಾಡಿದ ತಾರೀಖು, ವಿಳಾಸ, ಉಪಕರಣ ಎಲ್ಲಿದೆ, ದೋಷ ಏನು, ಅದಕ್ಕೆ ಏನು ಮಾಡಿದರು, ಚೆಕ್ ಮಾಡಿದವರ ಹೆಸರು, ಸಹಿ, ರಿಜಿಸ್ಟ್ರೇಷನ್ ನಂಬರ್ ಇವೆಲ್ಲ ಕಾನೂನು ಪ್ರಕಾರ ಇರಲೇಬೇಕು. ಒತ್ತಡದ ಅಂಕಿ, ಅನಲೈಸರ್ ಅಂಕಿಗಳನ್ನು ಬರೆಯಲೇಬೇಕು ಅಂತ ಕಾನೂನು ಹೇಳುವುದಿಲ್ಲ. ಆದರೆ ನಾವು ಬಳಸುವ ಫಾರಂಗಳಲ್ಲಿ ಅದಕ್ಕೆ ಕಾಲಂ ಇರುತ್ತದೆ. ಅಳೆದವರು ಬರೆಯುತ್ತಾರೆ. ಆ ಕಾಲಂ ಖಾಲಿ ಬಿಟ್ಟು ಬರೀ ‘ಪಾಸ್, ಪಾಸ್’ ಅಂತ ಗುರುತು ಹಾಕಿದ್ದರೆ ನಾನಂತೂ ಆ ಚೆಕ್ಕನ್ನು ನಂಬುವುದಿಲ್ಲ.

ಒಂದು ಮನೆಯ ವಿಷಯ ಹೇಳುತ್ತೇನೆ. ಐದಾರು ವರ್ಷದ ಹಿಂದಿನ ಮಾತು, ಚಳಿಗಾಲ. ಹಳೆಯ ಇಟ್ಟಿಗೆ ಮನೆ, ಬಾಡಿಗೆಗೆ ನಮ್ಮ ದೇಶದವರೇ ಇದ್ದರು, ಗಂಡ ಹೆಂಡತಿ ಮತ್ತು ಊರಿಂದ ಬಂದ ಅತ್ತೆ. ಓನರ್ ಹೊಸ ಏಜೆಂಟ್‌ಗೆ ಕೊಟ್ಟಿದ್ದರಿಂದ ನನ್ನನ್ನು ಕಳಿಸಿದ್ದರು. ಹಾಲ್‌ನಲ್ಲಿ ಹೊಗೆಗೂಡಿನ ಕೆಳಗೆ ಕೂರಿಸಿದ ಗ್ಯಾಸ್ ಫೈರ್. ನಾನು ಬಾಗಿಲು ಕಿಟಕಿ ಮುಚ್ಚಿ, ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಹಾಕಿ, ಫೈರ್ ಹಚ್ಚಿ ಬಿಸಿಯಾಗಲು ಬಿಟ್ಟೆ. ಆಮೇಲೆ ಹೊಗೆಕಡ್ಡಿ ಹಚ್ಚಿ ಫೈರ್‌ನ ಮೇಲಂಚಿನ ಹತ್ತಿರ ಹಿಡಿದೆ. ಹೊಗೆಗೂಡು ಸರಿಯಾಗಿ ಎಳೆಯುತ್ತಿದ್ದರೆ ಆ ಬಿಳಿ ಹೊಗೆ ಒಳಕ್ಕೆ ನುಗ್ಗಿ ಮಾಯವಾಗಬೇಕು. ಅದು ಒಳಗೆ ಹೋಗಲಿಲ್ಲ. ಅಂಚಿನಲ್ಲಿ ಒಂದು ಕ್ಷಣ ತೂಗಾಡಿ, ಹಾಗೇ ತಿರುಗಿ ನನ್ನ ಕೈ ಮೇಲಿಂದ ಕೋಣೆಯೊಳಗೆ ಹರಿಯಿತು. ಗೋಡೆ ನೋಡಿದೆ. ಸೋಫಾ ಹಿಂದೆ ಗಾಳಿ ಬರಲು ಬಿಟ್ಟ ಜಾಲರಿ ಇತ್ತು. ಅದರೊಳಗೆ ಹಳೆಯ ಟೀ ಶರ್ಟ್ ತುರುಕಿ ಮೇಲೆ ಅಗಲವಾದ ಟೇಪ್ ಅಂಟಿಸಿದ್ದರು. ತಣ್ಣನೆ ಗಾಳಿ ಬರುತ್ತೆ, ಅತ್ತೆಗೆ ಆಗಲ್ಲ ಅಂತ. ಟೇಪ್ ಹೊಸದಲ್ಲ, ಧೂಳು ಹಿಡಿದಿತ್ತು. ಅಂದರೆ ಹಿಂದಿನ ವರ್ಷ ಚೆಕ್ ಮಾಡಿದವರ ಕಣ್ಣೆದುರೂ ಅದು ಇದ್ದಿರಬಹುದು. ಅವರ ಹಾಳೆಯಲ್ಲಿ ಗಾಳಿ ಸಂಚಾರ ಸರಿಯಿದೆ ಎಂದು ಗುರುತಿತ್ತು.

‘ತಲೆನೋವು ಏನಾದರೂ ಬರುತ್ತಾ?’ ಅಂತ ಕೇಳಿದೆ. ಆ ಅಮ್ಮ ತಕ್ಷಣ ಹೌದು ಅಂದರು. ಸಂಜೆಯಾದರೆ ತಲೆ ಭಾರ, ಹೊಟ್ಟೆ ತೊಳಸಿದ ಹಾಗೆ, ಈ ದೇಶದ ಚಳಿಯೇ ನನಗೆ ಒಗ್ಗಲಿಲ್ಲ ಅಂದರು. ಮಗ ಸೊಸೆ ಹಗಲು ಆಫೀಸಿಗೆ ಹೋಗುತ್ತಿದ್ದರು, ಅವರಿಗೆ ಅಷ್ಟಾಗಿ ಗೊತ್ತಾಗಿರಲಿಲ್ಲ. ಇಡೀ ದಿನ ಆ ಬೆಂಕಿಯ ಮುಂದೆ ಕೂರುತ್ತಿದ್ದವರು ಅವರೊಬ್ಬರೇ. ನಾನು ಫೈರ್ ನಿಲ್ಲಿಸಿ, ಮನೆಯವರ ಒಪ್ಪಿಗೆ ಪಡೆದು ಸಂಪರ್ಕ ಕಡಿದು, ‘ತಕ್ಷಣದ ಅಪಾಯ, ಬಳಸಬೇಡಿ’ ಎನ್ನುವ ಚೀಟಿ ಕಟ್ಟಿದೆ. ಕಿಟಕಿ ತೆಗೆಸಿದೆ. ಆ ಅಮ್ಮನನ್ನು ಅವತ್ತೇ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ, ಕಾರ್ಬನ್ ಮೊನಾಕ್ಸೈಡ್ ಅಂತ ಹೆಸರು ಹೇಳಿಯೇ ರಕ್ತ ಪರೀಕ್ಷೆ ಕೇಳಿ ಎಂದೆ. ಆಮೇಲೆ ಹೊಗೆಗೂಡು ನೋಡಿದರೆ ಅದರಲ್ಲೂ ಹಕ್ಕಿ ಗೂಡಿನ ಕಸ ಬಿದ್ದಿತ್ತು. ಅವರು ಈಗ ಚೆನ್ನಾಗಿದ್ದಾರೆ.

ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಗ್ಯಾಸ್ ಸೋರಿದರೆ ಮೂಗಿಗೆ ಬಡಿಯುವ ವಾಸನೆ ಬೇಕೆಂದೇ ಬೆರೆಸಿದ್ದು. ಇದಕ್ಕೆ ಆ ಎಚ್ಚರಿಕೆ ಇಲ್ಲ. ಹಿಂದೆ ಬ್ರಿಟನ್ನಿನ ಮನೆಗಳಿಗೆ ಬರುತ್ತಿದ್ದುದು ಕಲ್ಲಿದ್ದಲಿನಿಂದ ತೆಗೆದ ಗ್ಯಾಸ್, ಅದರಲ್ಲೇ ಕಾರ್ಬನ್ ಮೊನಾಕ್ಸೈಡ್ ಇರುತ್ತಿತ್ತು. 1967ರಿಂದ 1977ರವರೆಗೆ ಮನೆ ಮನೆಗೂ ಹೋಗಿ ಒಲೆಗಳನ್ನು ಬದಲಿಸಿ ಉತ್ತರ ಸಮುದ್ರದ ನೈಸರ್ಗಿಕ ಗ್ಯಾಸ್‌ಗೆ ಒಗ್ಗಿಸಿದರು. ಈಗಿನ ಗ್ಯಾಸಿನಲ್ಲಿ ಆ ವಿಷ ಇಲ್ಲ. ಆದರೆ ಗಾಳಿ ಸಾಲದೆ ಅರೆಬರೆ ಉರಿದರೆ ಅದೇ ವಿಷ ನಮ್ಮ ಹಾಲ್‌ನಲ್ಲೇ ಹುಟ್ಟುತ್ತದೆ. ಅದು ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಅದಕ್ಕೇ ಸ್ವಲ್ಪವೇ ಇದ್ದರೂ ಸಾಕು. ತಲೆನೋವು, ವಾಕರಿಕೆ, ತಲೆಸುತ್ತು, ಸುಸ್ತು, ಮನೆಯಿಂದ ಹೊರಗೆ ಹೋದರೆ ವಾಸಿ, ಒಳಗೆ ಬಂದರೆ ಮತ್ತೆ ಶುರು. ನಿಮ್ಮ ಬಾಡಿಗೆದಾರರ ಮನೆಯಲ್ಲಿ ಕೈಗೂಸು ಇದೆ ಅಂದಿರಿ. ಕೂಸಿಗೆ ತಲೆನೋವು ಅಂತ ಹೇಳಲು ಬರುವುದಿಲ್ಲ.

ಅದಕ್ಕೇ ದಾಕ್ಷಿಣ್ಯದ ವಿಷಯ. ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ. ನಮ್ಮೂರಿನವರು, ಒಳ್ಳೆಯವರು, ಬಾಡಿಗೆ ಸರಿಯಾಗಿ ಕೊಡುತ್ತಾರೆ, ಸುಮ್ನೆ ಯಾಕೆ ಮನಸ್ತಾಪ ಅನ್ನಿಸುತ್ತದೆ. ಆದರೆ ಇಲ್ಲಿ ಒತ್ತಾಯ ಮಾಡುವುದೇ ಅವರಿಗೆ ಒಳ್ಳೆಯದು. ಜನ ಯಾಕೆ ಮುಂದಕ್ಕೆ ಹಾಕುತ್ತಾರೆ ಅಂತ ನಾನು ಬಾಗಿಲಲ್ಲಿ ನಿಂತು ನೋಡಿದ್ದೇನೆ. ಮನೆ ಹರಡಿಕೊಂಡಿದೆ ಅಂತ ನಾಚಿಕೆ. ಗೋಡೆಗೆ ಮೊಳೆ ಹೊಡೆದದ್ದು ಓನರ್‌ಗೆ ಗೊತ್ತಾದರೆ ಅಂತ ಭಯ. ಊರಿಂದ ಬಂದ ತಮ್ಮನೋ ಗೆಳೆಯನೋ ಎರಡು ತಿಂಗಳಿಂದ ಹಾಲ್‌ನಲ್ಲಿ ಮಲಗುತ್ತಿರುತ್ತಾನೆ, ಅವನನ್ನು ಯಾರೂ ನೋಡದಿರಲಿ ಅಂತ. ಗ್ಯಾಸ್ ಚೆಕ್‌ಗೆ ಬಂದವರು ಹಾಸಿಗೆ ಎಣಿಸುವುದಿಲ್ಲ. ಅದನ್ನು ಮೊದಲೇ ಹೇಳಿಬಿಟ್ಟರೆ ಅರ್ಧ ಸಮಸ್ಯೆ ಮುಗಿಯುತ್ತದೆ.

ಏಜೆಂಟ್‌ನ ಇಂಗ್ಲಿಷ್ ಮೇಲ್ ನಿಮ್ಮವರಿಗೆ ನೋಟಿಸ್ ಹಾಗೆ ಕಂಡಿರಬಹುದು. ನೀವೇ ಒಂದು ಸಲ ಕನ್ನಡದಲ್ಲಿ ಬರೆಯಿರಿ. ಹೀಗೆ: ‘ಮಾರ್ಚ್ 18ರೊಳಗೆ ಗ್ಯಾಸ್ ಚೆಕ್ ಆಗಬೇಕು. ಇದು ಕಾನೂನು, ಅದಕ್ಕಿಂತ ಹೆಚ್ಚಾಗಿ ನಿಮ್ಮ ಮತ್ತು ಪಾಪುವಿನ ಸುರಕ್ಷತೆಗಾಗಿ. ಸುಮಾರು ಒಂದು ಗಂಟೆ ಕೆಲಸ. ಅವರು ಮೀಟರ್, ಬಾಯ್ಲರ್, ಅಡುಗೆಮನೆ ಬಿಟ್ಟು ಬೇರೆ ಏನನ್ನೂ ನೋಡುವುದಿಲ್ಲ. ಶನಿವಾರವಾದರೂ ಸರಿ, ಸಂಜೆಯಾದರೂ ಸರಿ, ಪಾಪು ಎದ್ದಿರುವ ಹೊತ್ತು ನೀವೇ ಹೇಳಿ. ಬಾಯ್ಲರ್ ಕೆಳಗಿನ ಕಪಾಟಿನ ಸಾಮಾನು ಮಾತ್ರ ಸ್ವಲ್ಪ ತೆಗೆದಿಡಿ.’ ಹಾಲ್‌ನಲ್ಲಿ ಗ್ಯಾಸ್ ಫೈರ್ ಇದ್ದರೆ ಅದನ್ನೂ ಸೇರಿಸಿ.

ಅದಕ್ಕೂ ಬಗ್ಗದಿದ್ದರೆ? ಕಾನೂನು ನಿಮ್ಮಿಂದ ಕೇಳುವುದು ಸಾಧ್ಯವಾದ ಎಲ್ಲ ಪ್ರಯತ್ನವನ್ನೂ ಮಾಡಿದ್ದೀರಿ ಎಂಬುದನ್ನು. ಕನಿಷ್ಠ ಮೂರು ಸಲ ಪ್ರಯತ್ನಿಸಿ, ಪ್ರತಿ ಸಲದ ದಾಖಲೆ ಇಟ್ಟುಕೊಳ್ಳಿ. ಮೆಸೇಜ್, ಮೇಲ್, ಎಂಜಿನಿಯರ್ ಬಂದು ಬಾಗಿಲು ತಟ್ಟಿ ಬಿಟ್ಟುಹೋದ ಚೀಟಿಯ ಫೋಟೊ, ಎಲ್ಲ. ಅವರ ಒಪ್ಪಿಗೆ ಇಲ್ಲದೆ ನಿಮ್ಮ ಹತ್ತಿರದ ಕೀಲಿಯಿಂದ ಬಾಗಿಲು ತೆಗೆಸಬೇಡಿ. ದಾರಿಗೆ ಬರಲಿ ಅಂತ ಗ್ಯಾಸ್ ಕಟ್ ಮಾಡಿಸುವ ಯೋಚನೆಯನ್ನೂ ಮಾಡಬೇಡಿ. ಕೊನೆಯ ದಾರಿ ಕೋರ್ಟ್ ಆದೇಶ. ನನ್ನ ಅನುಭವದಲ್ಲಿ ಕನ್ನಡದಲ್ಲಿ ಹತ್ತು ನಿಮಿಷ ಫೋನಿನಲ್ಲಿ ಮಾತಾಡಿದರೆ ಅಲ್ಲಿಯವರೆಗೆ ಹೋಗುವುದಿಲ್ಲ.

ಏಜೆಂಟ್ ವಿಷಯ ಬೇಗ ಮುಗಿಸುತ್ತೇನೆ. ಒಪ್ಪಂದ ತೆಗೆದು ನೋಡಿ, ಗ್ಯಾಸ್ ಚೆಕ್ ಯಾರು ಮಾಡಿಸಬೇಕು ಅಂತ ಸ್ಪಷ್ಟವಾಗಿ ಬರೆದಿದೆಯಾ ಎಂದು. ಬರೆದಿದ್ದರೆ ಓಡಾಟ ಅವರದು. ಕಾನೂನಿನ ಕಣ್ಣಿನಲ್ಲಿ ಓನರ್ ಮಾತ್ರ ನೀವೇ. ಬಾಡಿಗೆ ವಸೂಲಿ ಮಾಡಿಕೊಡುವ ಒಪ್ಪಂದ ಮಾತ್ರ ಆಗಿದ್ದರೆ ಅವರು ನೆನಪಿನ ಮೇಲ್ ಕಳಿಸಿ ಸುಮ್ಮನಾಗುತ್ತಾರೆ, ಬುಕ್ ಮಾಡಬೇಕಾದವರು ನೀವು.

ಬಾಡಿಗೆದಾರರ ಸ್ವಂತ ಕುಕ್ಕರ್. ಅವರು ತಂದದ್ದು, ಹೋಗುವಾಗ ಅವರೇ ತೆಗೆದುಕೊಂಡು ಹೋಗುವುದು, ಹಾಗಾಗಿ ಅದನ್ನು ಚೆಕ್ ಮಾಡಿಸುವುದು ನಿಮ್ಮ ಮೇಲೆ ಕಡ್ಡಾಯವಲ್ಲ. ಆದರೆ ಅದಕ್ಕೆ ಹೋಗುವ ಗೋಡೆಯ ಕೊಳವೆ ನಿಮ್ಮದು. ನಾನಾದರೆ ಸ್ವಲ್ಪ ದುಡ್ಡು ಜಾಸ್ತಿ ಕೊಟ್ಟು ಅದನ್ನೂ ನೋಡಿಸುತ್ತಿದ್ದೆ. ಮೊದಲ ಪ್ರಶ್ನೆ, ಅದನ್ನು ಜೋಡಿಸಿದವರು ಯಾರು? ಇಲ್ಲಿ ಗ್ಯಾಸ್ ಕುಕ್ಕರ್ ಜೋಡಿಸಲು ರಿಜಿಸ್ಟರ್ ಆದವರೇ ಬೇಕು. ನಮ್ಮೂರಲ್ಲಿ ಸಿಲಿಂಡರ್‌ಗೆ ರೆಗ್ಯುಲೇಟರ್ ಹಾಕಿ ಅಭ್ಯಾಸ ಇರುವವರು ಇದನ್ನೂ ಹಾಗೇ ಅಂದುಕೊಂಡು ತಾವೇ ಸ್ಪ್ಯಾನರ್ ಹಿಡಿಯುತ್ತಾರೆ. 1968ರ ಮೇ 16ರಂದು ಪೂರ್ವ ಲಂಡನ್ನಿನ ರೊನಾನ್ ಪಾಯಿಂಟ್ ಎಂಬ 22 ಮಹಡಿಯ ಕಟ್ಟಡದ ಒಂದು ಮೂಲೆ ಮೇಲಿಂದ ಕೆಳಗಿನವರೆಗೆ ಕುಸಿಯಿತು, 4 ಜನ ಸತ್ತರು. 18ನೇ ಮಹಡಿಯ ಮನೆಯೊಂದರಲ್ಲಿ ಬೆಳಗಿನ ಚಹಾಕ್ಕೆ ಕಡ್ಡಿ ಗೀರಿದ್ದೇ ಸ್ಫೋಟ. ಗ್ಯಾಸ್ ಸೋರಿದ್ದು ಕುಕ್ಕರ್ ಜೋಡಿಸುವ ಕಡೆಯ ಒಂದು ಹಿತ್ತಾಳೆ ನಟ್ ಒಡೆದು. ಕಟ್ಟಡ ಕಟ್ಟಿದ ರೀತಿಯಲ್ಲೂ ದೋಷ ಇತ್ತು, ನಿಜ. ಆದರೆ ಶುರುವಾದದ್ದು ಆ ನಟ್ಟಿನಿಂದ. ಕುಕ್ಕರ್ ಮುಂದಕ್ಕೆ ಮಗುಚದಂತೆ ಹಿಂದೆ ಚೈನ್ ಅಥವಾ ಬ್ರಾಕೆಟ್ ಇದೆಯಾ ಅಂತಲೂ ಕೇಳಿ. ಮಗು ತೆವಳಲು, ಹಿಡಿದು ನಿಲ್ಲಲು ಶುರು ಮಾಡಿದರೆ ಓವನ್ ಬಾಗಿಲೇ ಅದರ ಕೈಗೆ ಮೊದಲು ಸಿಗುವುದು.

ಇನ್ನೊಂದು ಮಾತು ಅವರಿಗೆ ಹೇಳಿ. ಒಲೆ ಕೊಳೆಯಾಗದಿರಲಿ ಅಂತ ಬರ್ನರ್ ಸುತ್ತ ಅಲ್ಯೂಮಿನಿಯಂ ಫಾಯಿಲ್ ಸುತ್ತಬಾರದು. ನಮ್ಮವರ ಮನೆಗಳಲ್ಲಿ ಇದನ್ನು ಪದೇ ಪದೇ ನೋಡುತ್ತೇನೆ. ಬರ್ನರ್‌ಗೆ ಗಾಳಿ ಹೋಗುವ ದಾರಿ ಮುಚ್ಚಿ ಜ್ವಾಲೆ ನೀಲಿಯಿಂದ ಹಳದಿಗೆ ತಿರುಗುತ್ತದೆ, ಪಾತ್ರೆಯ ತಳ ಕಪ್ಪಾಗುತ್ತದೆ. ಹಬ್ಬದ ದಿನ ಎರಡು ಬರ್ನರ್ ಮುಚ್ಚುವಷ್ಟು ದೊಡ್ಡ ಕಾವಲಿ ಇಟ್ಟು ಗಂಟೆಗಟ್ಟಲೆ ಒಬ್ಬಟ್ಟು ಬೇಯಿಸುವಾಗಲೂ ಅಷ್ಟೇ, ಕಿಟಕಿ ತೆರೆದಿರಲಿ.

ಕಾರ್ಬನ್ ಮೊನಾಕ್ಸೈಡ್ ಅಲಾರಂ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. 2022ರ ಅಕ್ಟೋಬರ್ 1ರಿಂದ ಇಂಗ್ಲೆಂಡಿನಲ್ಲಿ ಜನ ವಾಸಿಸುವ ಯಾವುದೇ ಕೋಣೆಯಲ್ಲಿ ಬಾಯ್ಲರ್, ಫೈರ್‌ನಂಥ ಉರಿಯುವ ಉಪಕರಣ ಕೂರಿಸಿದ್ದರೆ ಅಲ್ಲಿ ಅಲಾರಂ ಇಡುವುದು ಓನರ್ ಕೆಲಸ. ಕೆಟ್ಟಿದೆ ಅಂತ ಬಾಡಿಗೆದಾರರು ಹೇಳಿದರೆ ರಿಪೇರಿ ಮಾಡಿಸುವುದು ಅಥವಾ ಬದಲಿಸುವುದೂ ನಿಮ್ಮದೇ. ಗ್ಯಾಸ್ ಒಲೆಗೆ ಈ ನಿಯಮದಿಂದ ವಿನಾಯಿತಿ ಇದೆ, ಆದರೂ ಒಂದು ಇಟ್ಟುಬಿಡಿ. ಉಪಕರಣದಿಂದ 1ರಿಂದ 3 ಮೀಟರ್ ದೂರದಲ್ಲಿರಬೇಕು. ಕಪಾಟಿನೊಳಗೆ, ಪರದೆ ಹಿಂದೆ ಇಟ್ಟರೆ ಪ್ರಯೋಜನವಿಲ್ಲ. ಅದರ ಬೆನ್ನ ಮೇಲೆ ಯಾವ ವರ್ಷದವರೆಗೆ ಬರುತ್ತದೆ ಅಂತ ಮುದ್ರಿಸಿರುತ್ತಾರೆ, ಎಂಜಿನಿಯರ್ ಹೋದಾಗ ಅದರ ಫೋಟೊ ತೆಗೆದು ಕಳಿಸಲು ಹೇಳಿ.

ಯಾರನ್ನು ಕರೆಸಬೇಕು? ಗ್ಯಾಸ್ ಸೇಫ್ ರಿಜಿಸ್ಟರ್‌ನಲ್ಲಿ ಹೆಸರಿರುವವರನ್ನು ಮಾತ್ರ. 2009ರ ಏಪ್ರಿಲ್ 1ರಿಂದ ಅದು ಹಿಂದಿನ ಕಾರ್ಗಿ ಎಂಬ ನೋಂದಣಿ ಸಂಸ್ಥೆಯ ಜಾಗಕ್ಕೆ ಬಂತು. ಈ ಹಾಳೆಯನ್ನು ಇನ್ನೂ ಸಿಪಿ 12 ಅಂತ ಕರೆಯುವುದು ಆ ಕಾರ್ಗಿ ಕಾಲದ ಹೆಸರು. ಪ್ರತಿಯೊಬ್ಬರ ಹತ್ತಿರ ಫೋಟೊ ಇರುವ ಕಾರ್ಡ್ ಇರುತ್ತದೆ. ಅದರ ಹಿಂಭಾಗ ನೋಡುವುದು ಮುಖ್ಯ. ಯಾವ ಯಾವ ಉಪಕರಣದ ಕೆಲಸ ಮಾಡಬಹುದು ಅಂತ ಅಲ್ಲಿ ಪಟ್ಟಿ ಇರುತ್ತದೆ. ಆ ಪಟ್ಟಿಯಲ್ಲಿ ಬಾಯ್ಲರ್ ಇದ್ದು ಫೈರ್ ಇಲ್ಲದಿದ್ದರೆ ಅವರು ನಿಮ್ಮ ಫೈರ್ ಮುಟ್ಟುವ ಹಾಗಿಲ್ಲ. ನೀವು ಮೈಸೂರಿನಿಂದಲೇ ರಿಜಿಸ್ಟರ್‌ನ ವೆಬ್‌ಸೈಟಿನಲ್ಲಿ ಲೈಸೆನ್ಸ್ ನಂಬರ್ ಹಾಕಿ ಇದನ್ನೆಲ್ಲ ನೋಡಬಹುದು.

ಬಾಡಿಗೆದಾರರ ಫ್ರಿಜ್ ಮೇಲೆ ಒಂದು ನಂಬರ್ ಅಂಟಿಸಲು ಹೇಳಿ: 0800 111 999. ಇದು ಗ್ಯಾಸ್ ತುರ್ತು ಸೇವೆ, ದಿನದ 24 ಗಂಟೆಯೂ ಇರುತ್ತದೆ, ಕರೆಗೆ ದುಡ್ಡಿಲ್ಲ. ವಾಸನೆ ಬಂದರೆ ಮೀಟರ್ ಹತ್ತಿರದ ಹಿಡಿಯನ್ನು ಕೊಳವೆಗೆ ಅಡ್ಡವಾಗುವಂತೆ ತಿರುಗಿಸಬೇಕು, ಕಿಟಕಿ ಬಾಗಿಲು ತೆರೆಯಬೇಕು, ಯಾವ ಸ್ವಿಚ್ಚನ್ನೂ ಹಾಕಲೂಬಾರದು, ಆರಿಸಲೂಬಾರದು, ಮಗುವನ್ನು ಎತ್ತಿಕೊಂಡು ಹೊರಗೆ ಹೋಗಿ ಅಲ್ಲಿಂದ ಫೋನ್ ಮಾಡಬೇಕು.

ಮೈಸೂರಿನ ಗೀಸರ್. ಇಂಗ್ಲೆಂಡಿನ ಹಾಗೆ ಓನರ್ ವರ್ಷ ವರ್ಷ ಹಾಳೆ ಕೊಡಬೇಕೆಂಬ ಪದ್ಧತಿ ನಮ್ಮಲ್ಲಿಲ್ಲ. ಅದಕ್ಕೇ ನೀವೇ ಇನ್ನೂ ಜಾಸ್ತಿ ಎಚ್ಚರ ವಹಿಸಬೇಕು. ಆ ಅಮ್ಮನ ಹಾಲ್‌ನಲ್ಲಿ ಆದದ್ದೇ ನಮ್ಮ ಚಿಕ್ಕ ಬಾತ್‌ರೂಮ್‌ಗಳಲ್ಲಿ ಹತ್ತೇ ನಿಮಿಷದಲ್ಲಿ ಆಗುತ್ತದೆ. ಬಾಗಿಲು ಹಾಕಿ, ಚಳಿ ಅಂತ ಕಿಟಕಿ ಮುಚ್ಚಿ, ಬಿಸಿನೀರು ಬಿಟ್ಟುಕೊಂಡು ನಿಂತವರು ಅಲ್ಲೇ ಕುಸಿದು ಬಿದ್ದ ಸುದ್ದಿ ನೀವೂ ಪೇಪರಿನಲ್ಲಿ ಓದಿರುತ್ತೀರಿ. ಗೀಸರ್ ಮತ್ತು ಸಿಲಿಂಡರ್ ಎರಡನ್ನೂ ಬಾತ್‌ರೂಮಿನ ಹೊರಗೆ, ತೆರೆದ ಗಾಳಿಯಿರುವ ಯುಟಿಲಿಟಿಯಲ್ಲಿ ಹಾಕಿಸಿ. ಒಳಗೆ ಬಿಸಿನೀರಿನ ಕೊಳವೆ ಮಾತ್ರ ಬರಲಿ. ಪ್ಲಂಬರ್ ‘ಎಲ್ಲರೂ ಒಳಗೇ ಹಾಕಿಸುತ್ತಾರೆ, ಕಿಟಕಿ ಇದೆಯಲ್ಲ’ ಅಂದರೆ ಒಪ್ಪಬೇಡಿ, ಕಿಟಕಿ ಮುಚ್ಚುವುದು ಬಾಡಿಗೆದಾರರ ಕೈಯಲ್ಲಿರುತ್ತದೆ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ನಿಲ್ಲುತ್ತದೆ. ಹಾಗಾಗಿ ಗಾಳಿಯ ದಾರಿ ಕೆಳಗಡೆಯೂ ಇರಬೇಕು. ಸುರಕ್ಷಾ ಪೈಪಿನ ಮೇಲೆ ತಾರೀಖು ಇರುತ್ತದೆ, 5 ವರ್ಷಕ್ಕೆ ಬದಲಿಸಿ. ಜಾಗ ಸರಿಹೋಗದಿದ್ದರೆ ಸೋಲಾರ್ ಅಥವಾ ಕರೆಂಟ್ ಗೀಸರ್ ಹಾಕಿಸಿ, ಗ್ಯಾಸ್ ಬೇಡ.

ಇನ್ನು ರೆಡಿಂಗ್ ಮನೆಗೆ ಯಾರನ್ನಾದರೂ ಬುಕ್ ಮಾಡುವ ಮೊದಲು ಹೋದ ಮಾರ್ಚ್‌ನ ಹಾಳೆಯನ್ನೂ ಅಕ್ಟೋಬರ್‌ನ ಸರ್ವೀಸ್ ಹಾಳೆಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಬಾಯ್ಲರ್ ಸಾಲಿನಲ್ಲಿ ಎರಡರಲ್ಲೂ ಅಂಕಿಗಳಿರಬೇಕು. ಮಾರ್ಚ್‌ನ ಹಾಳೆಯಲ್ಲಿ ಆ ಜಾಗ ಖಾಲಿ ಇದ್ದರೆ ಏಜೆಂಟ್‌ಗೆ ಫೋನ್ ಮಾಡಿ, ಈ ಸಲ ಬೇರೆಯವರನ್ನು ಕಳಿಸಿ ಅಂತ ಹೇಳಿ.